ಕೆಂಪು ದಾರದ ಚೀಲಗಳು

ಆ ಮನೆಯಲ್ಲಿ ಹೊಲಿಗೆ ಯಂತ್ರದ ಪಕ್ಕ ಒಂದು ನೀಲಿ ಬುಟ್ಟಿ ಇತ್ತು. ಪ್ಲಾಸ್ಟಿಕ್ಕಿನದು, ಒಂದು ಕಡೆಯ ಹಿಡಿ ಮುರಿದಿತ್ತು. ಹರಿದದ್ದು, ಹೊಲಿಗೆ ಬಿಟ್ಟದ್ದು, ಜಿಪ್ಪು ಕಿತ್ತದ್ದು ಏನಿದ್ದರೂ ಅದರೊಳಗೆ ಹಾಕಬೇಕು. ಹರಿದ ಜಾಗ ಬೇಗ ಕಣ್ಣಿಗೆ ಬೀಳಲೆಂದು ಅಲ್ಲೊಂದು ಕೆಂಪು ದಾರದ ತುಂಡು ಕಟ್ಟಬೇಕು. ಅಷ್ಟೇ; ಬಾಯಿಬಿಟ್ಟು ಏನೂ ಹೇಳಬೇಕಾಗಿಲ್ಲ. ಗಿರಾಕಿಗಳ ಬಟ್ಟೆಗೂ ಇದೇ ಪದ್ಧತಿ, ಮನೆಯವರ ಬಟ್ಟೆಗೂ ಇದೇ. ಗಂಡ ಹೆಂಡತಿ ಮಾತು ಬಿಟ್ಟ ದಿನಗಳಲ್ಲೂ ಗಂಡನ ಏಪ್ರನ್ನು ಕೆಂಪು ದಾರ ಕಟ್ಟಿಸಿಕೊಂಡು ಆ ಬುಟ್ಟಿಗೆ ಇಳಿಯುತ್ತಿತ್ತು, ಹೊಲಿಸಿಕೊಂಡು ಮೊಳೆಗೆ ಏರುತ್ತಿತ್ತು. ಬೀದಿಯವರೆಲ್ಲ ಟೈಲರಮ್ಮ ಎಂದು ಕರೆಯುವ ಆ ಮನೆಯೊಡತಿಗೆ ಬುಟ್ಟಿ ಖಾಲಿಯಾದದ್ದನ್ನು ಕಂಡರೇ ನೆಮ್ಮದಿ.

ಮನೆಯಲ್ಲಿ ಇದ್ದದ್ದು ನಾಲ್ಕೇ ಜನ. ಟೈಲರಮ್ಮ, ಬೆಳಕು ಹರಿಯುವ ಮೊದಲೇ ಬೇಕರಿಯ ಒಲೆಯ ಮುಂದೆ ನಿಲ್ಲುವ ಗಂಡ, ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತಿಯಾಗಿದ್ದರೂ ಮಾತಿಗೆ ನಿವೃತ್ತಿ ಕೊಡದ ಮಾವ, ಡಿಗ್ರಿ ಎರಡನೆಯ ವರ್ಷ ಮುಗಿಸಿದ ಒಬ್ಬಳೇ ಮಗಳು. ಈ ಮಗಳು ಎಳೆಯವಳಿದ್ದಾಗ ಯಾರದೋ ಕೋಟಿನ ಗುಂಡಿ ನುಂಗಿ ಇಡೀ ಬೀದಿಯನ್ನು ಆಸ್ಪತ್ರೆಗೆ ಓಡಿಸಿದ್ದಳು. ಅಂದಿನಿಂದ ಅವಳ ಹೆಸರು ಗುಂಡಿ ಎಂದೇ ಆಗಿಹೋಗಿತ್ತು.

ರಜೆ ಶುರುವಾದ ವಾರ, ರಾತ್ರಿ ಊಟಕ್ಕೆ ಕೂತಾಗ, ಗುಂಡಿ ತಟ್ಟೆ ಮುಟ್ಟದೆ ಹೇಳಿದಳು. "ಅಮ್ಮಾ, ನನ್ನ ತಗೊಂಡ್ರು!"

"ಯಾರು, ಪೊಲೀಸ್ನೋರಾ?" ಎಂದ ತಾತ.

"ಲ್ಯಾಬಿಗೆ, ತಾತ! ಯೂನಿವರ್ಸಿಟಿಯಲ್ಲಿ ಪರಿಸರದ ಲ್ಯಾಬ್ ಇದೆಯಲ್ಲ, ಅಲ್ಲಿಗೆ. ರಜೆ ಪೂರ್ತಿ ಮೇಡಂ ಜೊತೆ ಸಂಶೋಧನೆ. ಡಿಗ್ರಿ ಓದೋರನ್ನ ಒಳಗೆ ಬಿಟ್ಕೊಳ್ಳೋದೇ ಹೆಚ್ಚು. ಕ್ಲಾಸಿಗೆ ಕ್ಲಾಸೇ ಅರ್ಜಿ ಹಾಕಿತ್ತು."

ಅಪ್ಪ ಆಲೂಗಡ್ಡೆ ಮುರಿಯುತ್ತಾ ಕೇಳಿದ. "ಅಲ್ಲಿ ಏನು ಮಾಡ್ಬೇಕು?"

"ಎಲೆ ಹೇಗೆ ಕೊಳೆಯುತ್ತೆ ಅಂತ ನೋಡೋದು."

"ಅಷ್ಟೇನಾ? ಬೇಕರಿ ಹಿಂದಿನ ಡಬ್ಬದಲ್ಲಿ ದಿನಾ ಕೊಳೀತಾ ಇರುತ್ತೆ. ಬಾ, ಕಣ್ತುಂಬ ನೋಡ್ಕೊಂಡು ಹೋಗು. ಬಸ್ ಚಾರ್ಜೂ ಉಳಿಯುತ್ತೆ."

"ಅಪ್ಪಾ! ರಜೆ ಮುಗಿಯೋ ಹೊತ್ತಿಗೆ ಒಬ್ಬರನ್ನ ಇಡೀ ವರ್ಷಕ್ಕೆ ಇಟ್ಕೊಳ್ತಾರೆ. ಅದು ಸಿಕ್ಕಿದ್ರೆ ಮುಂದೆ ಓದೋದಕ್ಕೆ ಮೇಡಮ್ಮೇ ಬರೆದುಕೊಡ್ತಾರೆ. ಇಲ್ಲಾಂದ್ರೆ ಈ ಡಿಗ್ರಿ ಇಟ್ಕೊಂಡು ನಾನು ಏನು ಮಾಡ್ಲಿ?"

"ಅದಿರಲಿ, ಆ ಎರಡನೇ ಮೆಷಿನ್ ಮೇಲೆ ಯಾರು ಕೂರ್ತಾರೆ? ನಿಮ್ಮ ತಾತನಾ?" ಎಂದ ಅಪ್ಪ.

"ನಾನು ಕೂತ್ರೆ ಎಲ್ಲರ ಪ್ಯಾಂಟಿಗೂ ಒಂದೇ ಕಾಲು," ಎಂದ ತಾತ.

ಯಾರೂ ನಗಲಿಲ್ಲ. ಶಾಲೆ ತೆರೆಯುವ ಮುಂಚಿನ ಈ ಎರಡು ತಿಂಗಳು ಯೂನಿಫಾರ್ಮಿನ ಕಾಲ. ವರ್ಷದ ಗಳಿಕೆಯ ಮುಕ್ಕಾಲು ಪಾಲು ಬರುವುದೇ ಆಗ. ಹೈಸ್ಕೂಲಿನಿಂದಲೂ ಗುಂಡಿ ಪ್ರತಿ ರಜೆ ಆ ಎರಡನೆಯ ಯಂತ್ರದ ಮೇಲೆ ಕೂತು ಕಾಲರು, ಜೇಬು, ಕಾಜು ಮಾಡಿಕೊಡುತ್ತಿದ್ದಳು. ಎಲ್ಲರೂ ಟೈಲರಮ್ಮನ ಮುಖ ನೋಡಿದರು. ಅವಳು ಮೊಟ್ಟೆಯ ಸಿಪ್ಪೆ ಸುಲಿಯುತ್ತಲೇ ಇದ್ದಳು. ಆಮೇಲೆ ಆ ಮೊಟ್ಟೆಯನ್ನು ಮಗಳ ತಟ್ಟೆಗೆ ಹಾಕಿ, "ಹೋಗಲಿ ಬಿಡ್ರಿ. ನಾನು ಸುಧಾರಿಸ್ತೀನಿ," ಎಂದಳು.

ಹೇಳುವಾಗ ಹೇಳಿಬಿಟ್ಟಳು. ಸುಧಾರಿಸುವುದು ಅಷ್ಟು ಸುಲಭವಿರಲಿಲ್ಲ. ಬೆಳಗ್ಗೆ ಯಂತ್ರಕ್ಕೆ ಕೂತರೆ ಮಧ್ಯಾಹ್ನ ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಅಡುಗೆ ಮಾವನ ಪಾಲಿಗೆ ಬಂತು. ಮಾವನ ಬೇಳೆ ಒಂದು ದಿನ ನೀರು, ಒಂದು ದಿನ ಗೋಡೆಗೆ ಹಚ್ಚುವ ಗಾರೆ. ಬಟ್ಟೆ ಒಗೆಯುವುದು ಬೇಕರಿಯಿಂದ ಬಂದ ಗಂಡನ ಪಾಲಿಗೆ. ಅವನು ಪ್ರತಿ ಬಕೆಟ್ಟಿಗೂ ಒಂದೊಂದು ನಿಟ್ಟುಸಿರು ಬಿಡುತ್ತಾ, ಒಳಗಿದ್ದವರಿಗೆ ಕೇಳುವ ಹಾಗೆ, "ಎಲೆ ಕೊಳೀತಾ ಇದೆಯಂತೆ, ಎಲೆ," ಎನ್ನುತ್ತಿದ್ದ. ಯೂನಿಫಾರ್ಮ್ ಮುಗಿಯುವ ತನಕ ನೀಲಿ ಬುಟ್ಟಿಗೆ ರಜೆ ಎಂದು ಟೈಲರಮ್ಮ ಎಲ್ಲರಿಗೂ ಸಾರಿದಳು.

ಗುಂಡಿಯ ಕೆಲಸವೂ ಮನೆಗೇ ಬರತೊಡಗಿತು. ಒಂದು ಸಂಜೆ ಅವಳು ಸೊಳ್ಳೆಪರದೆಯಂಥ ಕಪ್ಪು ಬಲೆಯ ಚೀಲಗಳ ಕಟ್ಟು ತಂದು, ಕತ್ತರಿಸುವ ಮೇಜಿನ ಮೇಲೆ ಹರಡಿಕೊಂಡು ಏನೋ ಮಾಡುತ್ತಾ ಕೂತಳು. ಟೈಲರಮ್ಮನಿಗೆ ಅದೇ ಮೇಜು ಬೇಕಿತ್ತು. ಮಾರನೆಯ ಬೆಳಗ್ಗೆ ಯೂನಿಫಾರ್ಮ್ ಅಂಗಡಿಯವನು ಬರುವವನಿದ್ದ, ಕಾಲರುಗಳು ಇನ್ನೂ ಕತ್ತರಿಗೇ ಸಿಕ್ಕಿರಲಿಲ್ಲ.

"ಗುಂಡಿ, ಮೇಜು ಬಿಡು."

"ಐದೇ ನಿಮಿಷ ಅಮ್ಮ."

"ನಿನ್ನ ಐದು ನಿಮಿಷ ಆಗ್ಲಿಂದ ನೋಡ್ತಾ ಇದೀನಿ. ಇದೇನು ನಿನ್ನ ಲ್ಯಾಬಾ? ಒಂದು ಕೆಲಸಕ್ಕೂ ಕೈಗೆ ಸಿಗಲ್ಲ, ಮೇಲೆ ಜಾಗ ಬೇರೆ ಹಿಡ್ಕೊಂಡು ಕೂತಿದೀಯ!"

"ಆಯ್ತು, ಎಲ್ಲಿಡ್ಲಿ? ತಲೆ ಮೇಲೆ ಇಟ್ಕೊಳ್ಲಾ?"

"ಎಲ್ಲಾದ್ರೂ ಇಡು. ನಮ್ಮಪ್ಪ ನನ್ನ ಹತ್ತನೇ ಕ್ಲಾಸಿಗೆ ಬಿಡಿಸಿದಾಗ ನಾನೇನು ಸತ್ತುಹೋದ್ನಾ?"

ಬಾಯಿಂದ ಜಾರಿದ ಮೇಲೆ ಅದನ್ನು ಎಳೆದುಕೊಳ್ಳುವುದು ಹೇಗೆ? ಮಗಳು ಚೀಲಗಳನ್ನು ಬಾಚಿಕೊಂಡು ಎದ್ದಳು. ಯಂತ್ರ ಗಡಗಡ ಸದ್ದು ಮಾಡಿತು. ಅಂದು ಗುಂಡಿ ಊಟಕ್ಕೆ ಬರಲಿಲ್ಲ.

ಬೆಳಗ್ಗೆ ಗಂಡನನ್ನು ಕೆಲಸಕ್ಕೆ ಕಳಿಸಿ ಚಹಾಕ್ಕೆ ನೀರಿಟ್ಟು ಬಂದ ಟೈಲರಮ್ಮನ ಕಣ್ಣಿಗೆ ನೀಲಿ ಬುಟ್ಟಿ ಬಿತ್ತು. ಅದರಲ್ಲಿ ಆ ಕಪ್ಪು ಚೀಲಗಳು. ಅರ್ಧಕ್ಕೆ ಬಿಳಿ ದಾರ, ಅವು ನೆಟ್ಟಗಿದ್ದವು. ಉಳಿದ ಒಂದು ಡಜನ್ನಿಗೆ ಕೆಂಪು ದಾರ. ಬೆಳಕಿಗೆ ಹಿಡಿದರೆ ಒಂದೊಂದರಲ್ಲೂ ಬೆರಳು ತೂರುವಂಥ ಎರಡೆರಡು ತೂತು. ಅಯ್ಯೋ ನನ್ನ ಕಂದ, ಲ್ಯಾಬಿನವರು ಹರಕು ಚೀಲ ಕೊಟ್ಟು ಕಳಿಸಿದ್ದಾರೆ, ಅಮ್ಮನ ಹತ್ತಿರ ಮಾತು ಬಿಟ್ಟಿದ್ದರೂ ದಾರ ಕಟ್ಟಿ ಬುಟ್ಟಿಗೆ ಹಾಕಿದ್ದಾಳಲ್ಲ ಎಂದು ಅವಳ ಎದೆ ಕರಗಿತು. ಬುಟ್ಟಿಗೆ ರಜೆ ಎಂದವಳು ತಾನೇ ಆ ರಜೆ ಮುರಿದು, ಕಪ್ಪು ನೈಲಾನ್ ದಾರ ಹಾಕಿ, ಹೊಲಿದದ್ದು ತಿಳಿಯದ ಹಾಗೆ ಒಂದೊಂದು ತೂತನ್ನೂ ಮುಚ್ಚಿದಳು. ಮಡಿಸಿ ಬಾಗಿಲ ಬಳಿ ಇಟ್ಟಳು. ಗುಂಡಿ ಎದ್ದವಳೇ ಬಸ್ಸಿಗೆ ಹೊತ್ತಾಯಿತೆಂದು ಕಟ್ಟು ಎತ್ತಿಕೊಂಡು ಓಡಿದಳು. ಸಂಜೆ ಬಂದವಳು "ಅಮ್ಮ, ಹಸಿವು," ಎಂದಳು. ಇಬ್ಬರಿಗೂ ಅಷ್ಟೇ ಸಾಕಾಯಿತು.

ವಾರಗಳು ಕಳೆದವು. ಕಾಲರು ಹೋಗಿ ಜೇಬು ಬಂತು, ಜೇಬು ಹೋಗಿ ಕಾಜು ಬಂತು. ಒಂದು ರಾತ್ರಿ ಗುಂಡಿ ಬಾಗಿಲಲ್ಲಿ ಚಪ್ಪಲಿ ಎಲ್ಲೋ ಬಿಸಾಕಿ ಒಳಗೆ ಬಂದಳು.

"ತಾತ, ಅಪ್ಪ, ಎಲ್ಲ ಕೂತ್ಕೊಳ್ಳಿ. ನಾನು ಏನೋ ಕಂಡುಹಿಡಿದಿದೀನಿ!"

"ಕೂತೇ ಇದೀವಿ. ನೀನು ಉಸಿರು ತಗೋ," ಎಂದ ತಾತ ಬನ್ನನ್ನು ಚಹಾಕ್ಕೆ ಅದ್ದುತ್ತಾ.

"ನೋಡು, ಒಣಗಿದ ಎಲೆ ತೂಕ ಮಾಡಿ ಬಲೆ ಚೀಲದಲ್ಲಿ ತುಂಬಿ ಮರದ ಕೆಳಗೆ ಇಟ್ಟಿದೀವಿ. ಸ್ವಲ್ಪ ಸ್ವಲ್ಪ ದಿನಕ್ಕೆ ಒಂದಷ್ಟು ಚೀಲ ತಂದು ಎಷ್ಟು ಎಲೆ ಉಳೀತು ಅಂತ ತೂಗೋದು. ಅರ್ಧ ಚೀಲ ಪೂರ್ತಿ ಮುಚ್ಚಿರೋವು, ಹುಳ ಹುಪ್ಪಟೆ ಒಳಗೆ ಹೋಗೋಕಾಗಲ್ಲ. ಇನ್ನರ್ಧಕ್ಕೆ ನಾನೇ ತೂತು ಮಾಡಿದೀನಿ, ಎರೆಹುಳ, ಜೀರುಂಡೆ ಎಲ್ಲ ಹೋಗಲಿ ಅಂತ."

"ಅಂದ್ರೆ ಒಂದು ಬಾಗಿಲು ಹಾಕಿದ ಬಸ್ಸು, ಇನ್ನೊಂದು ಬಾಗಿಲು ತೆಗೆದಿಟ್ಟ ಬಸ್ಸು."

"ಹಾಂ! ತೂತಿರೋದ್ರಲ್ಲಿ ಎಲೆ ಬೇಗ ಕರಗಬೇಕು ತಾನೇ? ಕರಗಿಲ್ಲ! ಎರಡರಲ್ಲೂ ಒಂದೇ ಸಮ. ಮೇಡಂ ಎರಡೆರಡು ಸಲ ತೂಗಿದ್ರು. ಆ ಮರದ ಕೆಳಗೆ ಹುಳುಗಳ ಕೆಲಸ ನಾವು ಅಂದ್ಕೊಂಡಷ್ಟು ಇಲ್ವೇನೋ ಅಂದ್ರು. ಶನಿವಾರ ವಿಭಾಗದೋರ ಮುಂದೆಲ್ಲ ನಾನೇ ನಿಂತು ಹೇಳ್ಬೇಕಂತೆ. ವರ್ಷದ ಜಾಗ ನನಗೇ ಕೊಡೋ ಹಾಗಿದೆ ಅಮ್ಮ!"

ಟೈಲರಮ್ಮನ ಕೈಯಲ್ಲಿದ್ದ ಸೌಟು ಪಾತ್ರೆಯ ಮೇಲೆಯೇ ನಿಂತುಬಿಟ್ಟಿತು. "ಯಾವ ಚೀಲ? ಆವತ್ತು ಮೇಜಿನ ಮೇಲೆ ಇದ್ದವಾ?"

"ಅವೇ. ತೂತಿರೋ ಚೀಲ ಗುರುತಿಗೆ ಅಂತ ಕೆಂಪು ದಾರ ಕಟ್ಟಿದ್ದೆ. ನೀನೇ ಕಲಿಸಿದ್ದಲ್ವಾ?"

"ಭಲೇ!" ಎಂದು ಅಪ್ಪ ತೊಡೆ ತಟ್ಟಿಕೊಂಡ. "ನಾಳೆ ಬೇಕರಿಯಲ್ಲಿ ಹೇಳ್ತೀನಿ. ದೊಡ್ಡ ದೊಡ್ಡೋರಿಗೆ ಕಾಣದ್ದು ನಮ್ಮ ಗುಂಡಿಗೆ ಕಾಣ್ತು ಅಂತ."

ಅಂದು ಟೈಲರಮ್ಮ ಏನು ಉಂಡಳೋ ಅವಳಿಗೇ ಗೊತ್ತಿಲ್ಲ. ಮರುದಿನ ಒಂದೇ ಅಂಗಿಗೆ ಎರಡು ಎಡಗೈ ತೋಳು ಕೂರಿಸಿದಳು. ಅದನ್ನು ಬಿಚ್ಚುತ್ತಾ ಕೂತವಳನ್ನು ಮಾವ ಓರೆಗಣ್ಣಲ್ಲಿ ನೋಡಿದ.

"ಏನಮ್ಮಾ, ಮುಖ ಕೊನೇ ಟ್ರಿಪ್ ಬಸ್ಸಿನ ಹಾಗಿದೆ?"

ಹೇಳಬಾರದೆಂದೇ ಇದ್ದಳು. ಹೇಳಿಬಿಟ್ಟಳು. "ಮಾವ, ಆ ಚೀಲದಲ್ಲಿ ತೂತೇ ಇಲ್ಲ. ನಾನು ಹೊಲಿದುಬಿಟ್ಟಿದೀನಿ. ಕೆಂಪು ದಾರ ಕಟ್ಟಿ ಬುಟ್ಟಿಯಲ್ಲಿ ಇಟ್ಟಿದ್ಳು, ನಾನು..."

ಮಾವ ಚಹಾಕ್ಕೆ ಅದ್ದಿದ್ದ ಬನ್ನು ಅಲ್ಲೇ ಮುಳುಗಿ ಕರಗಿತು.

"ಹೇಳಿದ್ರೆ ಅವಳ ಜಾಗ ಹೋಗುತ್ತೆ," ಎಂದಳು ಟೈಲರಮ್ಮ. "ಹೇಳದೆ ಇದ್ರೆ, ನಾಳೆ ಯಾರಾದ್ರೂ ಕಂಡುಹಿಡಿದ್ರೆ, ಅವಳೇ ಬೇಕಂತ ಮಾಡಿದ್ಳು ಅಂದ್ರೆ?"

"ನೋಡಮ್ಮ, ಹೇಳೋ ಹಾಗಿದ್ರೆ ಶನಿವಾರಕ್ಕೆ ಮೊದಲೇ ಹೇಳು. ಇಲ್ಲ ಅಂದ್ರೆ ಈ ಮಾತನ್ನ ನನ್ನ ಜೊತೆ ಮಣ್ಣಿಗೆ ಕಳಿಸಿಬಿಡು. ಬಸ್ಸಿನ ಮೆಟ್ಟಿಲ ಮೇಲೆ ನೇತಾಡ್ಬೇಡ. ಹಾಗೆ ನೇತಾಡಿ ಬಿದ್ದೋರನ್ನ ತುಂಬ ನೋಡಿದೀನಿ."

ಗುಂಡಿಯ ಹತ್ತಿರ ಟೈಲರಮ್ಮ ಒಂದು ಖಾಲಿ ಚೀಲ ಕೇಳಿದಳು. "ಹೇಗಿದೆ ನೋಡೋಣ, ತಾ." ಶನಿವಾರ ಹೇಳಬೇಕಾದದ್ದನ್ನು ಗೋಡೆಗೆ ಮುಖ ಮಾಡಿ ಗಟ್ಟಿಯಾಗಿ ಒಪ್ಪಿಸುತ್ತಾ ಓಡಾಡುತ್ತಿದ್ದ ಮಗಳು, ಮರದಡಿಯಿಂದ ತಂದು ತೊಳೆದಿದ್ದ ಕೆಂಪು ದಾರದ ಚೀಲವೊಂದನ್ನು ಖುಷಿಯಿಂದಲೇ ತಂದುಕೊಟ್ಟಳು. ಗುರುವಾರ ಸಂಜೆ. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಟೈಲರಮ್ಮ ಚೀಲವನ್ನು ಬೆಳಕಿಗೆ ಎತ್ತಿ ಹಿಡಿದಳು.

"ತೂತು ತೋರಿಸು, ಗುಂಡಿ."

"ಇಲ್ಲೇ..." ಮಗಳ ಬೆರಳು ಬಲೆಯ ಮೇಲೆ ಹುಡುಕಿತು. ಒಮ್ಮೆ ತಿರುಗಿಸಿದಳು. ಮತ್ತೆ ತಿರುಗಿಸಿದಳು. ಒಂದು ಕಡೆ ಬೆರಳಿಗೆ ಸಣ್ಣ ಗಂಟು ತಾಗಿತು. ಅವಳು ಆ ಗಂಟನ್ನು ನೋಡಿದಳು, ಆಮೇಲೆ ಅಮ್ಮನನ್ನು ನೋಡಿದಳು.

"ಇದು ನಿನ್ನ ಹೊಲಿಗೆ."

"ಹೂಂ."

"ಎಲ್ಲಾನೂ?"

"ಹೂಂ."

"ಬುಟ್ಟಿಗೆ ರಜೆ ಅಂತ ನೀನೇ ಅಂದಿದ್ದೆ! ನೀನು ಮುಟ್ಟಲ್ಲ ಅಂತಾನೇ ಅಲ್ಲಿ ಹಾಕಿದ್ದು! ನಿನ್ನ ಕೈ ಒಂದು ಗಳಿಗೆ ಸುಮ್ಮನಿರಲ್ವಾ ಅಮ್ಮ? ಒಂದೇ ಒಂದು ಮಾತು ಕೇಳೋಕೆ ಏನಾಗಿತ್ತು?"

"ಹಿಂದಿನ ದಿನ ನಿನ್ನ ಬೈದಿದ್ದೆ. ಅದಕ್ಕೇ..."

"ಅದಕ್ಕೇ ಹೊಲಿದ್ಯಾ? ಬೈದಿದ್ದು ತಪ್ಪಾಯ್ತು ಅಂತ ಬಾಯಲ್ಲಿ ಹೇಳ್ಬಾರದಿತ್ತಾ?"

ಗದ್ದಲಕ್ಕೆ ಅಪ್ಪ ಸೋಪಿನ ಕೈಯಲ್ಲೇ ಒಳಗೆ ಬಂದ. ವಿಷಯ ಕೇಳಿ ಬಾಗಿಲಿಗೆ ಒರಗಿ ನಿಂತ. ಬೇಕರಿಯಲ್ಲಿ ಅವನು ಹೇಳದೆ ಬಿಟ್ಟವರಿರಲಿಲ್ಲ. ಶನಿವಾರಕ್ಕೆಂದು ಮಾಲೀಕ ಒಂದು ಕೇಕಿಗೂ ಹೇಳಿಬಿಟ್ಟಿದ್ದ.

"ಇದು ಯಾರಿಗೆ ಗೊತ್ತು?" ಎಂದು ಕೇಳಿದ. "ನಮಗೆ ನಾಲ್ಕು ಜನಕ್ಕೆ. ಬಾಯಿ ಮುಚ್ಕೊಂಡಿದ್ರೆ ಆಯ್ತು."

"ಕೆಂಪು ದಾರದವು ಇನ್ನೂ ಎಂಟು ಮರದ ಕೆಳಗಿವೆ ಅಪ್ಪ. ಯಾರಾದ್ರೂ ಒಂದನ್ನ ಹೀಗೆ ಬೆಳಕಿಗೆ ಹಿಡಿದ್ರೆ ಮುಗೀತು. ತುಂಬೋ ಮುಂಚೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡು ಅಂತ ಮೇಡಂ ಹೇಳಿದ್ರು. ಬಸ್ಸಿಗೆ ಲೇಟಾಗಿ ಹೋಗಿದ್ದೆ. ದಾರದ ಬಣ್ಣ ನೋಡಿ ತುಂಬಿಬಿಟ್ಟೆ."

"ಹಾಗಾದ್ರೆ ನಾಳೆ ಬೇಗ ಹೋಗಿ ಆ ಎಂಟಕ್ಕೂ ಕತ್ತರಿ ಆಡಿಸಿಬಿಡು. ತೂತು ತಾನೇ ಬೇಕು? ಇದ್ದ ಹಾಗೇ ಇರುತ್ತೆ."

ಹೊರಗೆ ನಲ್ಲಿ ಬಿಟ್ಟುಬಂದಿದ್ದ ಬಕೆಟ್ಟು ತುಂಬಿ ಚೆಲ್ಲುತ್ತಿತ್ತು.

ಶುಕ್ರವಾರ ಗುಂಡಿ ಹೊರಗೆ ಹೋಗಲಿಲ್ಲ. ತಲೆನೋವೆಂದು ಗೋಡೆಗೆ ತಿರುಗಿ ಮಲಗಿದಳು. ಶನಿವಾರ ಬೆಳಗ್ಗೆ ಟೈಲರಮ್ಮ ಏಳುವಷ್ಟರಲ್ಲಿ ಅವಳ ಚಪ್ಪಲಿ ಇರಲಿಲ್ಲ. ದಾರ ಕತ್ತರಿಸಲು ಯಂತ್ರದ ಡ್ರಾಯರಿಗೆ ಕೈ ಹಾಕಿದರೆ ಸಣ್ಣ ಕತ್ತರಿಯೂ ಇರಲಿಲ್ಲ.

ಟೈಲರಮ್ಮ ಡ್ರಾಯರನ್ನು ಪೂರ್ತಿ ಹೊರಗೆಳೆದು ನೋಡಿದಳು. ಬಾಬಿನ್, ಚಾಕ್ ತುಂಡು, ಅಳತೆ ಪಟ್ಟಿ. ಕತ್ತರಿಯಿಲ್ಲ.

"ಮಾವ, ಕತ್ತರಿ ತಗೊಂಡು ಹೋಗಿದಾಳೆ."

"ಪೇಪರ್ ಕತ್ತರಿಸೋಕಿರಬಹುದು."

"ನಿಮಗೂ ಗೊತ್ತು, ಪೇಪರಿಗಲ್ಲ."

ಮಾವ ಹಾಲಿನ ಪಾತ್ರೆ ಇಳಿಸುವುದನ್ನು ಮರೆತ, ಹಾಲು ಉಕ್ಕಿ ಒಲೆ ಆರಿತು. ಟೈಲರಮ್ಮ ಬೈಯಲಿಲ್ಲ. ಅದಕ್ಕೇ ಮಾವನಿಗೆ ಹೆಚ್ಚು ಹೆದರಿಕೆಯಾಯಿತು. ಹೋಗಿ ತಡೆಯಲೇ ಎಂದು ಅವಳು ಒಮ್ಮೆ ಬಾಗಿಲವರೆಗೆ ಹೋದಳು. ಏನೆಂದು ತಡೆಯುವುದು? ತಾನು ಕೆಡಿಸಿದ್ದನ್ನು ಅವಳು ಮುಚ್ಚಿಡುತ್ತಿದ್ದಾಳೆ. ಮುಚ್ಚಬೇಡ ಎನ್ನಲು ತನಗೆ ಯಾವ ಬಾಯಿ? ಹಾಗೆಂದು, ಮುಚ್ಚಿಯೇಬಿಡಲಿ ದೇವರೇ ಎಂದು ಬೇಡಿಕೊಳ್ಳುತ್ತಿರುವುದೂ ತನ್ನದೇ ಮನಸ್ಸು. ಅವಳು ಮತ್ತೆ ಯಂತ್ರದ ಮುಂದೆ ಕೂತು ದಾರವನ್ನು ಹಲ್ಲಿನಲ್ಲೇ ಕಡಿದಳು.

ಮಧ್ಯಾಹ್ನ ಗಂಡ ಕೇಕಿನ ಡಬ್ಬ ಎರಡೂ ಕೈಯಲ್ಲಿ ಹಿಡಿದು ಬಂದ. ಮೇಲೆ ಹಸಿರು ಕ್ರೀಮಿನಲ್ಲಿ ದೊಡ್ಡ ಎಲೆ ಬರೆದಿದ್ದರು. "ಬಂದ್ಲಾ?" ಎಂದ. ಇಲ್ಲವೆಂದಾಗ ಡಬ್ಬವನ್ನು ಕಪಾಟಿನ ಮೇಲಿಟ್ಟು, ಏಪ್ರನ್ನೂ ಬಿಚ್ಚದೆ ಮೆಟ್ಟಿಲ ಮೇಲೆ ಕೂತ. ಸಭೆ ಮುಗಿಯುವ ಹೊತ್ತು ಕಳೆಯಿತು. ಬಸ್ಸು ಬರುವ ಹೊತ್ತೂ ಕಳೆಯಿತು. ಅದರ ಮುಂದಿನ ಬಸ್ಸಿನಲ್ಲಿ ಗುಂಡಿ ಇಳಿದಳು.

ಒಳಗೆ ಬಂದವಳು ಹೆಗಲ ಚೀಲದಿಂದ ಸಣ್ಣ ಕತ್ತರಿ ತೆಗೆದು ಯಂತ್ರದ ಮೇಲಿಟ್ಟಳು. ಟೈಲರಮ್ಮ ಮೊದಲು ನೋಡಿದ್ದು ಮಗಳ ಮುಖವನ್ನಲ್ಲ, ಕತ್ತರಿಯ ಬಾಯನ್ನು. ಅಲ್ಲಿ ಮಣ್ಣಿರಲಿಲ್ಲ.

"ಮರದ ಹತ್ರ ಹೋಗಿದ್ದೆ," ಎಂದಳು ಗುಂಡಿ. "ಒಂದು ಚೀಲ ಕೈಗೂ ತಗೊಂಡೆ. ಅಡಿಯಲ್ಲಿ ಒಂದು ಜೀರುಂಡೆ ಒಳಗೆ ಹೋಗೋಕೆ ನೋಡ್ತಾ ಇತ್ತು. ನಿನ್ನ ಹೊಲಿಗೆ ಸುತ್ತಲೇ ಸುತ್ತುತ್ತಿತ್ತು. ಬಿಡಲಿಲ್ಲ ನಿನ್ನ ಹೊಲಿಗೆ."

"ಆಮೇಲೆ?"

"ಆಮೇಲೆ ಮೇಡಂ ರೂಮಿಗೆ ಹೋದೆ."

"ಬೈದ್ರಾ?"

"ಇಲ್ಲ. ಬೈದಿದ್ರೆ ಚೆನ್ನಾಗಿತ್ತು. ಚೀಲ ಇಸ್ಕೊಂಡು ಕಿಟಕಿಗೆ ಹಿಡಿದು ತುಂಬ ಹೊತ್ತು ನೋಡಿದ್ರು. 'ಇಷ್ಟೇ ನೀನು ಆವತ್ತು ಮಾಡಬೇಕಾಗಿದ್ದು' ಅಂದ್ರು."

"ನಮ್ಮಮ್ಮ ಹೊಲಿದುಬಿಟ್ಟಿದ್ಳು ಅಂತ ಹೇಳ್ಬೇಕಿತ್ತು. ಬೇಕಾದ್ರೆ ನಾನೇ ಬಂದು..."

"ನಾನು ನೋಡದೆ ತುಂಬಿದೆ ಅಂದೆ ಅಮ್ಮ. ಅದು ನಿಜ ತಾನೇ?"

ಅಪ್ಪ ಮೆಟ್ಟಿಲಿಂದ ಎದ್ದು ಬಂದಿದ್ದ. ಕೇಳಬಾರದೆಂದು ಗೊತ್ತಿದ್ದೂ ಕೇಳಿದ. "ವರ್ಷದ ಜಾಗ?"

"ನಮ್ಮ ಲ್ಯಾಬಲ್ಲೇ ಕಪ್ಪೆ ಎಣಿಸೋ ಇನ್ನೊಬ್ಬ ಹುಡುಗಿ ಇದಾಳೆ, ಅವಳಿಗೆ ಕೊಟ್ರು. ಇವತ್ತು ಅವಳೇ ಮಾತಾಡಿದ್ಳು." ಗುಂಡಿ ನಿಂತಲ್ಲೇ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ನಾನು ಕೊನೇವರೆಗೂ ಕೂತು ಕೇಳಿದೆ. ಚೆನ್ನಾಗೇ ಹೇಳಿದ್ಳು, ಹಾಳಾದೋಳು."

ತಾತ ಕೆಮ್ಮಿದ. ಆಮೇಲೆ ಗುಂಡಿ ಚೀಲದೊಳಗಿಂದ ಕಪ್ಪು ಬಲೆಯ ಒಂದು ಕಟ್ಟು ಹೊರಗೆ ತೆಗೆದಳು.

"ಹೊಸದಾಗಿ ಇಡ್ತೀನಿ ಅಂತ ಕೇಳಿದೆ. ರಜೆ ಮುಗಿಯೋವರೆಗೂ ಇಟ್ಕೋ ಅಂದ್ರು. ಜಾಗದ ಮಾತು ಎತ್ತಬೇಡ ಅಂದ್ರು."

"ಜಾಗ ಇಲ್ಲ ಅಂದ ಮೇಲೆ ಮತ್ತೆ ಯಾಕೆ ಹೋಗೋದು?" ಎಂದ ಅಪ್ಪ. ಈ ಸಲ ಅವನ ದನಿಯಲ್ಲಿ ಕೊಂಕು ಇರಲಿಲ್ಲ.

"ಹುಳ ಹೋದ್ರೆ ಎಲೆ ಕರಗುತ್ತೋ ಇಲ್ವೋ, ಗೊತ್ತಾಗ್ಬೇಕಲ್ಲಪ್ಪ?"

ಅಪ್ಪ ಹೋಗಿ ಕೇಕಿನ ಡಬ್ಬ ಇಳಿಸಿದ. ಬಿಸಿಲಿಗೆ ಕ್ರೀಮು ಕರಗಿ ಎಲೆ ಒಂದು ಕಡೆಗೆ ಜಾರಿತ್ತು.

"ಇದರೊಳಗೆ ಹುಳ ಹೋಗಿಲ್ಲ ತಾನೇ?" ಎಂದ ತಾತ. ಗುಂಡಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡರ ನಡುವೆಯೇ ಅವಳು ಎಲೆಯ ತೊಟ್ಟಿನ ಕಡೆಯ ತುಂಡು ತಿಂದಳು.

ಭಾನುವಾರ ಯೂನಿಫಾರ್ಮಿನ ಕೊನೆಯ ಕಂತು ಮನೆ ತುಂಬ ಬಿದ್ದಿತ್ತು. ಟೈಲರಮ್ಮ ತಾನೇ ಮೇಜಿನ ಮೇಲಿಂದ ಅಂಗಿಗಳನ್ನು ಎತ್ತಿ ಮಂಚಕ್ಕೆ ಹಾಕಿ, "ಮೇಜು ತಗೋ," ಎಂದಳು. ಗಂಡ ಇಸ್ತ್ರಿಗೆ ನಿಂತ. ಮಾವ ಕನ್ನಡಕ ಏರಿಸಿ, ಬಿಟ್ಟುಹೋದ ದಾರದ ತುದಿಗಳನ್ನು ಟಿಕೆಟ್ ಹರಿಯುವ ಜೋರಿನಲ್ಲಿ ಕತ್ತರಿಸತೊಡಗಿದ. ಗುಂಡಿ ಬಲೆಯಲ್ಲಿ ತೂತು ಮಾಡಿದಳು. ಗುರುತಿಗೆ ದಾರ ಬೇಕಾಗಿ ಅವಳ ಕೈ ಅಭ್ಯಾಸಬಲದಿಂದ ಕೆಂಪು ಉಂಡೆಯ ಕಡೆ ಹೋಯಿತು.

"ಅದು ಬೇಡ," ಎಂದು ಟೈಲರಮ್ಮ ಹಳದಿ ಉಂಡೆಯನ್ನು ತಳ್ಳಿದಳು. "ಆವತ್ತು ಮೇಜಿನ ಹತ್ರ ಅಂದೆನಲ್ಲ, ಹತ್ತನೇ ಕ್ಲಾಸಿನ ಮಾತು. ಅದು ಅನ್ನಬಾರದಿತ್ತು."

ಗುಂಡಿ ತಲೆಯೆತ್ತಲಿಲ್ಲ. "ಹೂಂ," ಎಂದಳು. ಆಮೇಲೆ ಮೊದಲನೆಯ ಚೀಲವನ್ನು ಅಮ್ಮನ ಕೈಗೆ ಕೊಟ್ಟಳು. "ನೋಡು."

ಟೈಲರಮ್ಮ ಯಂತ್ರ ನಿಲ್ಲಿಸಿ ಅದನ್ನು ಕಿಟಕಿಗೆ ಎತ್ತಿ ಹಿಡಿದಳು. ಬೆರಳುಗಳು ತಾವಾಗಿಯೇ ತೂತಿನ ಎರಡು ಅಂಚನ್ನು ಸೇರಿಸಲು ಹೋದವು. ಅವಳು ಅವನ್ನು ಬಿಗಿಹಿಡಿದಳು.

"ತೂತಿದೆ."

"ಸರಿಯಾಗಿ ನೋಡಮ್ಮ."

ಅವಳು ಮತ್ತೊಮ್ಮೆ ಹಿಡಿದಳು. ತೂತಿನಾಚೆ ಎದುರುಮನೆಯ ಗೋಡೆ, ಅದರ ಮೇಲೆ ಒಣಗಲು ಹಾಕಿದ ಒಂದು ಪುಟ್ಟ ಅಂಗಿ ಕಂಡವು.

"ಇದೆ," ಎಂದಳು.

ಗುಂಡಿ ಹಳದಿ ದಾರ ಕಟ್ಟಿ, ಎರಡನೆಯ ಚೀಲ ಕೊಟ್ಟಳು.